‘ಪದಚ್ಯುತಗೊಳಿಸು’: ಎಲ್ಲಿ ಸರಿ, ಎಲ್ಲಿ ತಪ್ಪು

ಸುದ್ದಿ ಬರೆಯುವವರಿಗೂ ಅನುವಾದಕರಿಗೂ ಥಟ್ಟನೆ ಹೊಳೆಯುವ ಪದ ಇದು. ತೂಕವಿದೆ ಎಂಬ ಕಾರಣಕ್ಕೇ ಸಲ್ಲದ ಕಡೆಯೂ ಬಂದು ಕೂರುತ್ತದೆ.

ಮೊದಲು ರಚನೆ. ‘ಪದ’ ಎಂದರೆ ಇಲ್ಲಿ ಸ್ಥಾನ, ‘ಚ್ಯುತ’ ಎಂದರೆ ಜಾರಿದ, ಬಿದ್ದ. (ಜಾರದವನೇ ಅಚ್ಯುತ.) ‘ಪದಚ್ಯುತಿ’ ನಾಮಪದ, ‘ಪದಚ್ಯುತ’ ಗುಣವಾಚಕ. ‘ಗೊಳಿಸು’ ಸೇರಬೇಕಾದದ್ದು ಗುಣವಾಚಕಕ್ಕೆ. ‘ಪದಚ್ಯುತಿಗೊಳಿಸಿದರು’ ಎಂದು ಕಂಡರೆ ‘ಪದಚ್ಯುತಗೊಳಿಸಿದರು’ ಎಂದು ತಿದ್ದಿ. ‘ಆಗು’ ಬಂದಾಗ ಲಿಂಗ, ವಚನ ಹೊಂದಬೇಕು: ದೊರೆ ಪದಚ್ಯುತನಾದ, ರಾಣಿ ಪದಚ್ಯುತಳಾದಳು. ‘ಅಧ್ಯಕ್ಷ ಪದವಿಯಿಂದ ಪದಚ್ಯುತಗೊಳಿಸಿದರು’ ಎಂದರೆ ಪದವಿ ಎರಡು ಸಲ ಬಂತು. ‘ಅಧ್ಯಕ್ಷರನ್ನು ಪದಚ್ಯುತಗೊಳಿಸಿದರು’ ಸಾಕು.

ಇನ್ನು ಅರ್ಥ. ಬರೆಯುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಳಿಸಿದ್ದು ಬೇರೆಯವರೇ? ಸ್ಥಾನ ನಿಜಕ್ಕೂ ಹೋಯಿತೇ? 1834ರಲ್ಲಿ ಬ್ರಿಟಿಷರು ಕೊಡಗಿನ ಚಿಕವೀರ ರಾಜೇಂದ್ರನನ್ನು ಇಳಿಸಿ ರಾಜ್ಯವನ್ನೇ ತೆಗೆದುಕೊಂಡರು. ಅಲ್ಲಿ ಪದ ಸರಿಯಾಗಿ ಕೂರುತ್ತದೆ. ಅದಕ್ಕೆ ಮೂರು ವರ್ಷ ಹಿಂದೆ, 1831ರಲ್ಲಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನಷ್ಟೇ ಕಿತ್ತುಕೊಂಡರು. ಅರಸರೆಂಬ ಪಟ್ಟ ಉಳಿಯಿತು, ಅಧಿಕಾರ ಕಮಿಷನರ್‌ಗಳ ಕೈಗೆ ಹೋಯಿತು. ಇಲ್ಲಿ ‘ಪದಚ್ಯುತ’ ಎಂದರೆ ಇತಿಹಾಸವೇ ತಪ್ಪುತ್ತದೆ. 1936ರಲ್ಲಿ ಇಂಗ್ಲೆಂಡಿನ ಎಂಟನೇ ಎಡ್ವರ್ಡ್ ತಾವೇ ಬಿಟ್ಟಿದ್ದು, ಹಾಗಾಗಿ ‘ಸಿಂಹಾಸನ ತ್ಯಜಿಸಿದರು’.

ಚುನಾಯಿತ ಸರ್ಕಾರಗಳ ವಿಷಯಕ್ಕೆ ಬಂದರೆ ಈ ಪದವನ್ನು ಆದಷ್ಟು ದೂರವಿಡುವುದು ಒಳ್ಳೆಯದು. 1989ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ‘ವಜಾ’ ಮಾಡಲಾಯಿತು. 2019ರ ಜುಲೈನಲ್ಲಿ ವಿಶ್ವಾಸಮತದಲ್ಲಿ 99–105ರಿಂದ ಸೋತ ಕುಮಾರಸ್ವಾಮಿ ಸರ್ಕಾರ ‘ಪತನ’ವಾಯಿತು, ಆಡುಮಾತಲ್ಲಿ ‘ಬಿತ್ತು’. 1990ರಲ್ಲಿ ವೀರೇಂದ್ರ ಪಾಟೀಲರನ್ನು ಹೈಕಮಾಂಡ್ ‘ಕೆಳಗಿಳಿಸಿತು’. ಕುರ್ಚಿ, ಗದ್ದುಗೆ ಎಲ್ಲದಕ್ಕೂ ಹೊಂದುವ ‘ಇಳಿಸು’ ಶೀರ್ಷಿಕೆಗೂ ಹಗುರ. ಪಕ್ಷದಿಂದ ಹೊರಹಾಕಿದರೆ ‘ಉಚ್ಚಾಟನೆ’, ತಾತ್ಕಾಲಿಕವಾದರೆ ‘ಅಮಾನತು’.

ಮಹಾಭಿಯೋಗದಲ್ಲಿ (ಇಂಪೀಚ್‌ಮೆಂಟ್) ಎಡವುವವರು ಹೆಚ್ಚು. ಅಮೆರಿಕದಲ್ಲಿ ಅದು ಕೆಳಮನೆ ಹೊರಿಸುವ ಆರೋಪ ಮಾತ್ರ. ಟ್ರಂಪ್ ವಿರುದ್ಧ 2019 ಮತ್ತು 2021ರಲ್ಲಿ ಎರಡು ಸಲ ಅಂಗೀಕಾರವಾಯಿತು. ಎರಡು ಸಲವೂ ಮೇಲ್ಮನೆಯಾದ ಸೆನೆಟ್ ಖುಲಾಸೆ ಮಾಡಿತು. ಅವರನ್ನು ಯಾರೂ ಪದಚ್ಯುತಗೊಳಿಸಲಿಲ್ಲ.

ಇಂಗ್ಲಿಷಿನಿಂದ ಅನುವಾದಿಸುವಾಗ ಇನ್ನೊಂದು ಗುಂಡಿಯಿದೆ. ಅಲ್ಲಿನ ‘ಡಿಪೋಸ್’ ಕ್ರಿಯಾಪದಕ್ಕೆ ಪದಚ್ಯುತಗೊಳಿಸುವುದು ಒಂದರ್ಥ, ಪ್ರಮಾಣ ಮಾಡಿ ಸಾಕ್ಷ್ಯ ನುಡಿಯುವುದು ಇನ್ನೊಂದರ್ಥ. ಕೋರ್ಟ್ ವರದಿಯಲ್ಲಿ ಕಂಡರೆ ಬಹುತೇಕ ಎರಡನೆಯದೇ. ಕರ್ತೃ ಯಾರೆಂದು ನೋಡಿಕೊಳ್ಳದಿದ್ದರೆ, ಕಟಕಟೆಯಲ್ಲಿ ನಿಂತ ಬಡಪಾಯಿ ಸಾಕ್ಷಿ ಇಲ್ಲದ ಸಿಂಹಾಸನದಿಂದ ಉರುಳಿ ಬೀಳುತ್ತಾನೆ.