ಹಳೇ ಸೆಂಟರ್ ಟೇಬಲ್ ತರುವ ಮೊದಲು ಟೇಪ್ ಹಿಡಿಯಿರಿ

ಸೋಫಾ ಮುಂದೆ ಇಡಲು ಒಂದು ಆಂಟೀಕ್ ಸೆಂಟರ್ ಟೇಬಲ್ ಬೇಕು ಅಂತ ನಾನು ಹುಡುಕಲು ಶುರು ಮಾಡಿದಾಗ, ನಿಜವಾಗಿ ಹಳೆಯದಾಗಿದ್ದ ಟೇಬಲ್‌ಗಳೆಲ್ಲಾ ಊಟದ ಟೇಬಲ್‌ನಷ್ಟು ಎತ್ತರ ಇರುತ್ತಿದ್ದವು. ಎತ್ತರ ಸರಿ ಇದ್ದವು ನೋಡಲು ಏನೋ ಒಂಥರಾ. ಯಾಕೆ ಹೀಗೆ ಅಂತ ಹಳೇ ಪೀಠೋಪಕರಣಗಳ ಬಗ್ಗೆ ಓದಿದಾಗ ವಿಷಯ ಗೊತ್ತಾಯಿತು. ಸೋಫಾ ಮುಂದಿನ ತಗ್ಗು ಟೇಬಲ್ ಅಷ್ಟೇನೂ ಹಳೆಯ ವಸ್ತು ಅಲ್ಲ.

19ನೇ ಶತಮಾನದ ಯುರೋಪು, ಅಮೆರಿಕದ ಮನೆಗಳಲ್ಲಿ ಸೆಂಟರ್ ಟೇಬಲ್ ಅಂದರೆ ಕೋಣೆಯ ನಡುವೆ ನಿಲ್ಲುವ, ಸುಮಾರು 28ರಿಂದ 30 ಇಂಚು ಎತ್ತರದ, ಹೆಚ್ಚಾಗಿ ದುಂಡಗಿನ ಟೇಬಲ್. ಮೇಲೊಂದು ದೀಪ, ಸುತ್ತ ಕುರ್ಚಿಗಳು. ಓದು, ಹೊಲಿಗೆ, ಹರಟೆ ಎಲ್ಲ ಆ ಬೆಳಕಲ್ಲೇ. ಮೊಣಕಾಲೆತ್ತರದ ಕಾಫಿ ಟೇಬಲ್ ಮನೆಮನೆಗೆ ಬಂದಿದ್ದು 20ನೇ ಶತಮಾನದಲ್ಲಿ. ನೆಲದ ಮೇಲೋ ಜಗಲಿಯ ಮೇಲೋ ಕೂರುವ ರೂಢಿ ಇದ್ದ ಕಡೆ ತಗ್ಗು ಟೇಬಲ್ ಮೊದಲಿಂದಲೂ ಇತ್ತು, ಚೀನಾದಲ್ಲಿ ಕಾಂಗ್ ಅನ್ನುವ ಜಗಲಿಯ ಮೇಲೆ ಇಡುತ್ತಿದ್ದ ಕಾಂಗ್ ಟೇಬಲ್ ಅಂಥದ್ದೇ. ಆದರೆ ಅದು ಇವತ್ತಿನ ಸೋಫಾಗೆ ತೀರಾ ಕುಳ್ಳು.

ಹಾಗಾಗಿ ಯಾರಾದರೂ ಇನ್ನೂರು ವರ್ಷ ಹಳೆಯ ಕಾಫಿ ಟೇಬಲ್ ಇದೆ ಅಂದರೆ ನಾನು ಮೊದಲು ಕಾಲಿನ ತುದಿ ನೋಡುತ್ತೇನೆ. ಬಹಳ ಸಲ ಎತ್ತರದ ಟೇಬಲ್‌ನ ಕಾಲು ಕತ್ತರಿಸಿರುತ್ತಾರೆ. ಕಡೆದ ಕಾಲಿನ ವಿನ್ಯಾಸ ಕೆಳಗೆ ಹೋಗ್ತಾ ಸಣ್ಣಗಾಗಿ, ಒಂದು ಪಾದದಲ್ಲೋ ಚಕ್ರದಲ್ಲೋ ಮುಗಿಯಬೇಕು, ಅಲ್ವಾ? ಕತ್ತರಿಸಿದ್ದು ಅರ್ಧಕ್ಕೇ ನಿಂತಿರುತ್ತದೆ, ಯಾರದೋ ಉದ್ದ ಪ್ಯಾಂಟನ್ನು ಚಡ್ಡಿ ಮಾಡಿದ ಹಾಗೆ. ತುದಿಯ ಮರದ ಬಣ್ಣ ಉಳಿದದ್ದಕ್ಕಿಂತ ತಿಳಿಯಾಗಿರುತ್ತದೆ, ಇಲ್ಲಾ ಅದನ್ನು ಮರೆಮಾಡಲು ಅಲ್ಲಿಗೆ ಮಾತ್ರ ಕಪ್ಪು ಬಳಿದಿರುತ್ತಾರೆ. ಇನ್ನು ಕೆಲವು ಹಳೇ ದೊಡ್ಡ ಟ್ರೇಗೆ ಹೊಸದಾಗಿ ತಗ್ಗು ಸ್ಟ್ಯಾಂಡ್ ಕೂರಿಸಿದ್ದು. ಇದೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ, ಟ್ರೇ ಸ್ಟ್ಯಾಂಡ್ ತುಂಬಾ ಉಪಯೋಗಕ್ಕೆ ಬರುವ ವಸ್ತು. ಆಂಟೀಕ್ ಅಂತ ದುಡ್ಡು ಕೊಡಬೇಡಿ, ಅಷ್ಟೇ.

ಸಾಮಾನ್ಯವಾಗಿ ನೂರು ವರ್ಷ ದಾಟಿದ್ದಕ್ಕೆ ಆಂಟೀಕ್ ಅಂತಾರೆ, ಅದಕ್ಕಿಂತ ಚಿಕ್ಕ ವಯಸ್ಸಿನದಕ್ಕೆ ವಿಂಟೇಜ್. ನಾನು ಕೊನೆಗೆ ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ತಗೊಂಡೆ. ಸೋಫಾ ಮುಂದೆ 1960ರ ಆಸುಪಾಸಿನ ತೇಗದ ತಗ್ಗು ಟೇಬಲ್, ಒಳಬಾಗಿಲ ಹತ್ತಿರ ಎತ್ತರದ ಹಳೇ ದುಂಡು ಟೇಬಲ್. ತೇಗದ ಟೇಬಲ್ ಹುಟ್ಟಿದ್ದೇ ಸೋಫಾಗೋಸ್ಕರ, ಅದಕ್ಕೆ ಅಲ್ಲಿ ಸರಿಯಾಗಿ ಕೂತಿದೆ. 1940ರಿಂದ 60ರ ದಶಕದ ಟೇಬಲ್‌ಗಳಲ್ಲಿ ಈ ಅನುಕೂಲ ಇದೆ. ಅಮೆರಿಕದ ಶಿಲ್ಪಿ ಇಸಾಮು ನೊಗುಚಿ ವಿನ್ಯಾಸದ ಗಾಜಿನ ಟೇಬಲ್ ನೋಡಿರಬಹುದು, ಅದು ಬಂದಿದ್ದೂ 1940ರ ದಶಕದಲ್ಲೇ.

ವಯಸ್ಸು ತಿಳಿಯಬೇಕಾದರೆ ಟೇಬಲ್‌ನ ಮೇಲ್ಭಾಗ ಬಿಟ್ಟು ಅಡಿ ನೋಡಬೇಕು. ನಾನು ಟಾರ್ಚ್ ಹಿಡಿದು ಕೆಳಗೆ ಮಲಗಿಯೇ ನೋಡುವುದು, ಮಾರುವವರು ನಕ್ಕರೆ ನಗಲಿ. ಗರಗಸದ ಗುರುತು ಕಮಾನಿನಂತೆ ಬಾಗಿದ್ದರೆ ವೃತ್ತಾಕಾರದ ಗರಗಸದಲ್ಲಿ ಸೀಳಿದ್ದು, ಅಂದರೆ 19ನೇ ಶತಮಾನ ಅಥವಾ ಆಮೇಲಿನದು. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದಿದ್ದು 1930ರ ದಶಕದಲ್ಲಿ. ಅದಕ್ಕೂ ಹಳೆಯದು ಅನ್ನುವ ಟೇಬಲ್‌ನಲ್ಲಿ ಅದು ಕಂಡರೆ ಕನಿಷ್ಠ ರಿಪೇರಿಯಾದರೂ ಆಗಿದೆ. ಡ್ರಾಯರ್ ಇದ್ದರೆ ಎಳೆದು ಮೂಲೆ ನೋಡಿ: ಎರಡು ಹಲಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಹಲ್ಲುಗಳು ಒಂದೊಂದು ಒಂದೊಂದು ಅಳತೆ ಇದ್ದರೆ ಕೈಯಲ್ಲಿ ಕತ್ತರಿಸಿದ್ದು, ಅಚ್ಚು ಹಾಕಿದಂತೆ ಒಂದೇ ಸಮ ಇದ್ದರೆ ಬಹುಪಾಲು ಮಷೀನಿನದು.

ನನಗೆ ತುಂಬಾ ಇಷ್ಟದ ಪರೀಕ್ಷೆ ಮಾತ್ರ ದುಂಡು ಟೇಬಲ್‌ನದು. ಮರ ಒಣಗುತ್ತಾ ನಾರಿನ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೂಕಮ್ಮಿ ಕುಗ್ಗುವುದೇ ಇಲ್ಲ. ಹಾಗಾಗಿ ಗಟ್ಟಿ ಹಲಗೆಯಿಂದ ಮಾಡಿದ ಹಳೇ ದುಂಡು ಟೇಬಲ್ ಈಗ ಪೂರ್ತಿ ದುಂಡಗಿರುವುದಿಲ್ಲ. ನಾರಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಟೇಪ್ ಹಿಡಿದರೆ ಅಡ್ಡದ ಅಳತೆ ಚೂರು ಕಮ್ಮಿ ಬರುತ್ತದೆ. ನನ್ನ ಬಾಗಿಲ ಹತ್ತಿರದ ಟೇಬಲ್‌ನಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೆ ಕಾಣಲ್ಲ, ಟೇಪಿಗೆ ಚೆನ್ನಾಗಿ ಸಿಗುತ್ತದೆ. ಆದರೆ ಒಂದೇ ಗುರುತು ನಂಬಿ ತೀರ್ಮಾನ ಮಾಡಬಾರದು, ಹಳೇ ಕಾಲಿಗೆ ಹೊಸ ಹಲಗೆ ಕೂರಿಸುವುದೂ, ಹೊಸ ಕಾಲಿಗೆ ಹಳೇ ಹಲಗೆ ಕೂರಿಸುವುದೂ ಮಾಮೂಲು.

ಕುಟ್ಟೆ ಹಿಡಿದಿದೆಯಾ ಅನ್ನುವುದು ವಯಸ್ಸಿಗಿಂತ ಮುಖ್ಯ. ಸಣ್ಣ ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಹುಳು ಎಂದೋ ಹೋಗಿರಬಹುದು. ತೂತಿನ ಒಳಗೆ ಕಪ್ಪಾಗಿ ಧೂಳು ಕೂತಿದ್ದರೆ ಹಳೆಯದು, ಅಂಚು ಚೂಪಾಗಿ ಒಳಗೆ ತಿಳಿ ಬಣ್ಣ ಕಂಡರೆ ಹೊಸದು. ಅನುಮಾನ ಬಂದರೆ ಟೇಬಲ್ಲನ್ನು ಬೇರೆ ಮರದ ಸಾಮಾನಿನಿಂದ ದೂರ ಇಟ್ಟು, ಅಡಿಯಲ್ಲಿ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡುತ್ತೇನೆ. ಹಿಟ್ಟಿನಂಥ ಪುಡಿ ಮತ್ತೆ ಮತ್ತೆ ಬೀಳುತ್ತಿದ್ದರೆ ಔಷಧ ಹೊಡೆಸದೆ ಒಳಗೆ ತರಬೇಡಿ.

ಪಾಲಿಶ್ ವಿಷಯದಲ್ಲಿ ನನಗೆ ಸ್ವಲ್ಪ ಹಠ. ಎಲ್ಲರೂ ಮೊದಲು ಮಾಡುವುದು ಉಪ್ಪುಕಾಗದ ಹಾಕಿ ಉಜ್ಜಿ ಹೊಸದರಂತೆ ಮಾಡುವುದು. ಹಾಗಾದರೆ ಹಳೆಯದನ್ನು ಯಾಕೆ ತರಬೇಕಿತ್ತು? ಗೀರು, ಕೈ ತಾಗಿ ನುಣುಪಾದ ಅಂಚು, ಬಣ್ಣ ತಿರುಗಿದ ಮೇಲ್ಮೈ, ಇವೇ ಅದರ ಬೆಲೆ. ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ನೋಡಿ, ಪಾಲಿಶ್ ಅಂಟಂಟಾದರೆ ಅದು ಅರಗಿನ ಪಾಲಿಶ್. ಅಂಥದ್ದರ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಆದ್ದರಿಂದ ಲೋಟದ ಕೆಳಗೆ ಕೋಸ್ಟರ್ ಬೇಕೇ ಬೇಕು. ನಾನು ಮಾಡಿದ್ದು ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಮೇಣ ಹಚ್ಚಿದ್ದು, ಅಷ್ಟೇ. ಬಣ್ಣ ಬಳಿದ ಹಳೇ ಟೇಬಲ್ ಆದರೆ ಇನ್ನೂ ಹುಷಾರು, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಉಜ್ಜಲೇಬೇಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲೇ ಬೇಡ.

ಇನ್ನು ಇಡುವ ಜಾಗ. ಟೇಬಲ್ ತರುವ ಮೊದಲೇ ಅದರ ಅಳತೆಗೆ ಹಳೇ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿ, ಮನೆಯವರೆಲ್ಲ ಎರಡು ದಿನ ಅದನ್ನು ತುಳಿಯದೆ ಓಡಾಡಲಿ. ಎಲ್ಲಿ ಸುತ್ತು ಹಾಕಬೇಕಾಗುತ್ತದೆ ಅಂತ ತಾನೇ ತಿಳಿಯುತ್ತದೆ. ಸೋಫಾ ಅಂಚಿಗೂ ಟೇಬಲ್‌ಗೂ ನಡುವೆ 14ರಿಂದ 18 ಇಂಚು ಸಾಕು, ಅದಕ್ಕಿಂತ ದೂರ ಇದ್ದರೆ ಲೋಟ ಇಡಲು ಬಗ್ಗಬೇಕು. ಜನ ಹಾದುಹೋಗುವ ಕಡೆ 30 ಇಂಚಾದರೂ ಬಿಡಿ. ಟೇಬಲ್‌ನ ಎತ್ತರ ಸೋಫಾ ಸೀಟಿಗೆ ಸಮ ಅಥವಾ ಒಂದೆರಡು ಇಂಚು ಕೆಳಗೆ, ಅದರ ಉದ್ದ ಸೋಫಾದ ಮೂರನೇ ಎರಡು ಭಾಗ. ಇದರಲ್ಲಿ ಉದ್ದದ ಲೆಕ್ಕ ಹೆಚ್ಚೂಕಮ್ಮಿ ಆದರೆ ಪರವಾಗಿಲ್ಲ, ಎತ್ತರದ್ದು ಮಾತ್ರ ಬಿಡಬೇಡಿ. ಕೂತವರ ಮೊಣಕಾಲಿಗಿಂತ ಮೇಲಿರುವ ಟೇಬಲ್ ಎಷ್ಟೇ ಚೆಂದ ಇದ್ದರೂ ದಿನಾ ಕಿರಿಕಿರಿ.

ಹಾಗಾದರೆ ಎತ್ತರದ ಆಂಟೀಕ್ ಎಲ್ಲಿಗೆ? ಕಾಲು ಕತ್ತರಿಸುವ ಯೋಚನೆ ಮಾತ್ರ ಬೇಡ. ಒಳಬಾಗಿಲ ಎದುರು, ಕಿಟಕಿ ಪಕ್ಕ ಎರಡು ಕುರ್ಚಿ ನಡುವೆ, ಅಥವಾ ಸೋಫಾ ಗೋಡೆಗೆ ತಾಗಿರದಿದ್ದರೆ ಅದರ ಬೆನ್ನ ಹಿಂದೆ. ನಡುಗಂಬದ ಮೇಲೆ ನಿಂತ, ಮೇಲ್ಭಾಗ ಮಡಚುವ ಟೇಬಲ್ ಸಿಕ್ಕರೆ ಇನ್ನೂ ಒಳ್ಳೆಯದು, ಬೇಡದಾಗ ಮೂಲೆಗೆ ಸರಿಸಬಹುದು. ತಗೊಳ್ಳುವಾಗ ಅಂಚು ಹಿಡಿದು ಅಲ್ಲಾಡಿಸಿ, ಅಲ್ಲಾಟವೆಲ್ಲ ಆ ಮಡಚುವ ಜಾಗದಲ್ಲೇ ಇರುತ್ತದೆ.

ಒಂದು ಕೋಣೆಗೆ ಕೆತ್ತನೆಯ ದಪ್ಪ ಟೇಬಲ್ ಒಂದೇ ಸಾಕು. ಸುತ್ತ ಸರಳ ಸೋಫಾ ಇದ್ದರೆ ಅದು ಎದ್ದು ಕಾಣುತ್ತದೆ, ಎಲ್ಲವೂ ಕೆತ್ತನೆಯಾದರೆ ಅಂಗಡಿಯ ಗೋದಾಮು ಅನ್ನಿಸುತ್ತದೆ. ಕೋಣೆ ಚಿಕ್ಕದಿದ್ದರೆ ಅಡಿಯಲ್ಲಿ ನೆಲ ಕಾಣುವಂಥ ತೆಳ್ಳನೆ ಕಾಲಿನದನ್ನೇ ಆರಿಸಿ, ಮಕ್ಕಳು ಓಡಾಡುವ ಮನೆಗೆ ದುಂಡನೆಯದು. ಹಳೇ ಗಾಜಿನ ಹಲಗೆ ಗಟ್ಟಿಗೊಳಿಸಿದ ಗಾಜು ಆಗಿರದೇ ಇರಬಹುದು. ಒಡೆದರೆ ಅದು ದೊಡ್ಡ ಚೂಪು ಚೂರುಗಳಾಗುತ್ತದೆ, ಅಂಥದ್ದನ್ನು ಬದಲಾಯಿಸಿಬಿಡಿ.

ಬಿಸಿಲು ನೇರ ಬೀಳುವ ಜಾಗ, ಎಸಿಯ ಗಾಳಿ ನೇರ ಬಡಿಯುವ ಜಾಗ ಎರಡೂ ಬೇಡ. ಒಂದರಲ್ಲಿ ಬಣ್ಣ ಹೋಗುತ್ತದೆ, ಇನ್ನೊಂದರಲ್ಲಿ ಮರ ಸೀಳುತ್ತದೆ. ಅಮೃತಶಿಲೆಯ ಮೇಲ್ಭಾಗ ಇದ್ದರೆ ನಿಂಬೆರಸ, ವಿನಿಗರ್ ತಾಗದಂತೆ ನೋಡಿಕೊಳ್ಳಿ, ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಬ್ಬು ಕಲೆ ಉಳಿಯುತ್ತದೆ. ಆ ಕಲ್ಲನ್ನು ಸಾಗಿಸುವಾಗ ಯಾವತ್ತೂ ಅಡ್ಡ ಮಲಗಿಸಿ ಎತ್ತಬಾರದು, ತನ್ನ ಭಾರಕ್ಕೆ ತಾನೇ ನಡುವೆ ಮುರಿಯಬಹುದು. ಬಾಗಿಲಿನ ಹಾಗೆ ನಿಲ್ಲಿಸಿಯೇ ಹಿಡಿಯಬೇಕು. ಮರದ ಟೇಬಲ್ ಆದರೆ ಹಲಗೆಯ ಅಂಚು ಹಿಡಿಯದೆ, ಕೆಳಗಿನ ಚೌಕಟ್ಟು ಹಿಡಿದು ಇಬ್ಬರು ಎತ್ತಿ. ಎಳೆದರೆ ಮೊದಲು ಸಡಿಲ ಆಗುವುದು ಕಾಲಿನ ಜೋಡಣೆ.