ತೆಂಗಿನಕಾಯಿ ಬಿಡಬೇಡಿ, ಸಕ್ಕರೆ ಡಬ್ಬಿ ನೋಡಿ: ಚರ್ಮಕ್ಕೆ ಹಿತವಾಗುವ ಊಟ ರೂಢಿಸಿಕೊಳ್ಳುವುದು ಹೇಗೆ?

ಮುಖದಲ್ಲಿ ಮೊಡವೆ ಹೆಚ್ಚಿದರೆ ನಮ್ಮ ಕರಾವಳಿಯ ಮನೆಗಳಲ್ಲಿ ಮೊದಲು ನಿಲ್ಲುವುದು ತೆಂಗಿನಕಾಯಿ, ಅನಂತರ ಮೀನು, ಆಮೇಲೆ ‘ಉಷ್ಣ’ ಎಂದು ಯಾರೋ ಹೇಳಿದ ಪದಾರ್ಥಗಳೆಲ್ಲ. ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಕಳೆದ ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಗೆ ಬಂದಿದ್ದಾಗ, “ಚಿಕ್ಕಮ್ಮ, ನನಗೆ ಕಾಯಿ ಹಾಕಿದ್ದು ಬೇಡ” ಎಂದು ಬಸಳೆಯ ಕೊದ್ದೆಲನ್ನು ಪಕ್ಕಕ್ಕೆ ಸರಿಸಿದ. ಅದೇ ಸಂಜೆ ಸಕ್ಕರೆ ಹಾಕಿದ ಮುಸುಂಬಿ ರಸವನ್ನು, ಚರ್ಮಕ್ಕೆ ಒಳ್ಳೆಯದೆಂಬ ನಂಬಿಕೆಯಿಂದ, ಎರಡು ಲೋಟ ಕುಡಿದ. ಕಾಲೇಜಿನಲ್ಲಿ ಆಹಾರವಿಜ್ಞಾನ ಕಲಿಸಿದ ಇಷ್ಟು ವರ್ಷಗಳಲ್ಲಿ ಇದೇ ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬಿಡಬಾರದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಉಳಿಸಿಕೊಂಡು, ಎರಡು ವಾರದಲ್ಲಿ ಫಲ ಸಿಗಲಿಲ್ಲವೆಂದು ಎಲ್ಲವನ್ನೂ ಕೈಬಿಡುವವರೇ ಹೆಚ್ಚು. ಹಾಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲನೆಯ ಹಂತ, ನಿಮ್ಮ ಚರ್ಮದ ತೊಂದರೆಗೂ ಊಟಕ್ಕೂ ಸಂಬಂಧವಿದೆಯೇ ಎಂದು ನೋಡಿಕೊಳ್ಳುವುದು. ಏಪ್ರಿಲ್–ಮೇ ತಿಂಗಳ ಬೆವರುಸಾಲೆ, ಮಳೆಗಾಲದಲ್ಲಿ ಒದ್ದೆ ಬಟ್ಟೆಯಿಂದ ತೊಡೆಸಂದಿಯಲ್ಲಿ ಹಬ್ಬುವ ಹುಳಕಡ್ಡಿ, ಹೊಸ ಸಾಬೂನಿನಿಂದ ಏಳುವ ತುರಿಕೆ ಇವು ಊಟ ಬದಲಿಸಿದರೆ ಹೋಗುವುದಿಲ್ಲ. ಮೊಡವೆ, ಕುತ್ತಿಗೆಯ ಹಿಂಭಾಗದಲ್ಲಿ ದಪ್ಪಗಾಗಿ ಕಪ್ಪಾಗುವ ಚರ್ಮ, ಬಿಳಿಚಿಕೊಂಡ ಮುಖ, ಬಾಯಿಯ ಅಂಚಿನ ಒಡಕು ಇವುಗಳ ಹಿಂದೆ ಊಟದ ಪಾಲಿರಬಹುದು. ಕುತ್ತಿಗೆಯ ಕಪ್ಪನ್ನು ಕೊಳೆಯೆಂದು ತಿಳಿದು ಲಿಂಬೆಹೋಳಿನಿಂದ ತಿಕ್ಕುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಬಹಳ ಸಲ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬುದರ ಗುರುತು. ಅದಕ್ಕೆ ಬೇಕಾಗಿರುವುದು ರಕ್ತಪರೀಕ್ಷೆ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ.

ಎರಡನೆಯದು ಸುಲಭ: ಕಿಟಕಿಯ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ನಿಂತು, ವಾರಕ್ಕೊಂದು ಫೋಟೊ ತೆಗೆದಿಡಿ ಮತ್ತು ತಿಂದದ್ದನ್ನೂ ಕುಡಿದದ್ದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಮೂರನೆಯ ಹಂತದಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ಸಕ್ಕರೆ ಮತ್ತು ಮೈದಾವನ್ನು ಇಳಿಸುವುದು ಎಂದು ಹೇಳುವುದು ಸುಲಭ, ಅವು ಎಲ್ಲಿ ಅಡಗಿವೆ ಎಂದು ಕಂಡುಕೊಳ್ಳುವುದೇ ಕಷ್ಟ. ಮೊದಲು ಕಾರಣ ತಿಳಿದಿರಲಿ. ಬೇಗನೆ ಜೀರ್ಣವಾಗುವ ಪಿಷ್ಟ ಮತ್ತು ಸಕ್ಕರೆ ರಕ್ತದಲ್ಲಿನ ಗ್ಲೂಕೋಸನ್ನು ಒಮ್ಮೆಲೇ ಏರಿಸುತ್ತವೆ, ಅದನ್ನು ಇಳಿಸಲು ಇನ್ಸುಲಿನ್ ಹೆಚ್ಚು ಸುರಿಯುತ್ತದೆ, ಅದರ ಜೊತೆಗೆ ಐಜಿಎಫ್-1 ಎಂಬ ಬೆಳವಣಿಗೆಯ ಅಂಶದ ಪ್ರಭಾವವೂ ಹೆಚ್ಚುತ್ತದೆ. ಇವೆರಡೂ ಸೇರಿ ಚರ್ಮದ ಎಣ್ಣೆಗ್ರಂಥಿಗಳನ್ನು ಕೆರಳಿಸಿ, ರಂಧ್ರದ ಬಾಯಿಯಲ್ಲಿ ಜೀವಕೋಶಗಳು ಹೆಚ್ಚಾಗಿ ಕೂಡಿಕೊಳ್ಳುವಂತೆ ಮಾಡುತ್ತವೆ. ರಂಧ್ರ ಮುಚ್ಚಿ ಒಳಗೆ ಎಣ್ಣೆ ಕಟ್ಟಿಕೊಂಡರೆ ಅದೇ ಮೊಡವೆ. ಮೆಲ್ಬರ್ನ್‌ನ ಸಂಶೋಧಕರು 15ರಿಂದ 25 ವರ್ಷದ 43 ಯುವಕರನ್ನು 12 ವಾರ ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಲೂಕೋಸನ್ನು ನಿಧಾನವಾಗಿ ಏರಿಸುವ ಊಟ ಮಾಡಿದವರ ಮೊಡವೆ ಉಳಿದವರಿಗಿಂತ ಹೆಚ್ಚು ಇಳಿದಿತ್ತು. ಅವರ ತೂಕವೂ ಇಳಿದಿದ್ದರಿಂದ ಎಲ್ಲ ಕೀರ್ತಿಯನ್ನೂ ಊಟಕ್ಕೇ ಕೊಡಲಾಗದು ಎಂಬುದನ್ನೂ ಹೇಳಬೇಕು. ಇನ್ನೊಂದು ಉದಾಹರಣೆ ನಮ್ಮವರಿಗೆ ಹೆಚ್ಚು ತಟ್ಟಬೇಕು. ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1200 ಜನರನ್ನು ಪರೀಕ್ಷಿಸಿದಾಗ ಒಂದೇ ಒಂದು ಮೊಡವೆಯೂ ಸಿಗಲಿಲ್ಲವೆಂದು 2002ರಲ್ಲಿ ವರದಿಯಾಯಿತು. ಅವರ ಮುಖ್ಯ ಆಹಾರ ಗೆಡ್ಡೆಗೆಣಸು, ಹಣ್ಣು, ಮೀನು ಮತ್ತು ತೆಂಗಿನಕಾಯಿ. ಅನುವಂಶೀಯತೆಯ ಪಾಲೂ ಅದರಲ್ಲಿರಬಹುದು; ಆದರೂ ಕಾಯಿ ಮತ್ತು ಮೀನನ್ನು ಅಪರಾಧಿಗಳೆನ್ನಲು ನನಗೆ ಆಧಾರ ಕಾಣುವುದಿಲ್ಲ. (ಕಾಯಿ ತಿನ್ನುವುದು ಬೇರೆ, ಮೊಡವೆಯಿರುವ ಮುಖಕ್ಕೆ ತೆಂಗಿನೆಣ್ಣೆ ಹಚ್ಚುವುದು ಬೇರೆ. ಹಚ್ಚಿದ ಎಣ್ಣೆ ರಂಧ್ರಗಳನ್ನು ಮುಚ್ಚುತ್ತದೆ. ಅದನ್ನು ಖಂಡಿತ ನಿಲ್ಲಿಸಿ.)

ಈಗ ಲೆಕ್ಕ. ಸಕ್ಕರೆಯನ್ನು ಚಮಚದಲ್ಲಿ ಎಣಿಸಲು ಹೋಗಬೇಡಿ, ಯಾರೂ ಸರಿಯಾಗಿ ಎಣಿಸುವುದಿಲ್ಲ. ತಿಂಗಳಿಗೆ ಅಂಗಡಿಯಿಂದ ತಂದ ಸಕ್ಕರೆ ಮತ್ತು ಬೆಲ್ಲವನ್ನು ಕೂಡಿಸಿ, ಮನೆಯ ಜನರ ಸಂಖ್ಯೆಯಿಂದಲೂ 30ರಿಂದಲೂ ಭಾಗಿಸಿ. ನಾಲ್ಕು ಜನರ ಮನೆಯಲ್ಲಿ ಐದು ಕಿಲೋ ಮುಗಿದರೆ ತಲಾ ದಿನಕ್ಕೆ ಸುಮಾರು 42 ಗ್ರಾಂ ಆಯಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಮಿತಿ 50 ಗ್ರಾಂ, ಇನ್ನೂ ಒಳ್ಳೆಯದೆಂದು ಹೇಳಿದ್ದು 25 ಗ್ರಾಂ. ಆ ಲೆಕ್ಕದಲ್ಲಿ ಜೇನುತುಪ್ಪವೂ ಹಣ್ಣಿನ ರಸವೂ ಸೇರುತ್ತವೆ. ಬೇಕರಿಯಲ್ಲಿ ತಿಂದದ್ದು, ಹೋಟೆಲಿನ ಬನ್ಸ್, ಭಾನುವಾರದ ಗಡ್‌ಬಡ್ ಐಸ್‌ಕ್ರೀಂ ಇವು ನಿಮ್ಮ ಡಬ್ಬಿಯ ಲೆಕ್ಕದ ಹೊರಗಿವೆ ಎಂಬುದನ್ನು ಮರೆಯಬೇಡಿ. ಅಕ್ಕನ ಮಗನಿಂದ ಒಂದು ದಿನದ ಸಕ್ಕರೆಯನ್ನು ಸ್ಟೀಲು ತಟ್ಟೆಗೆ ಸುರಿಸಿದೆ: ನಾಲ್ಕು ಲೋಟ ಚಹಾದ್ದು, ಎರಡು ಲೋಟ ರಸದ್ದು. ಹದಿನಾರು ಚಮಚ ಮುಗಿಯುವಷ್ಟರಲ್ಲಿ ತಟ್ಟೆಯ ನಡುವೆ ಒಂದು ಗುಡ್ಡೆಯಾಗಿತ್ತು. ಅವನು ಬೆರಳಿನಿಂದ ಅದರ ತುದಿಯನ್ನು ಒಂದೆರಡು ಸಲ ತಟ್ಟಿ ನೋಡಿದ, ಏನೂ ಮಾತಾಡಲಿಲ್ಲ.

ಇಳಿಸುವಾಗ ಒಮ್ಮೆಲೇ ಇಳಿಸಬೇಡಿ. ಚಹಾಕ್ಕೆ ಎರಡು ಚಮಚ ಹಾಕುವವರು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡಿದರೆ ನಾಲ್ಕು ವಾರದಲ್ಲಿ ಸಕ್ಕರೆಯಿಲ್ಲದ ಚಹಾಕ್ಕೆ ನಾಲಿಗೆ ಒಗ್ಗುತ್ತದೆ. ನಿಜವಾದ ಪರೀಕ್ಷೆ ಇರುವುದು ಸಂಜೆ ನಾಲ್ಕರಿಂದ ಆರರ ನಡುವೆ. ನಮ್ಮ ಊರಿನಲ್ಲಿ ಚಹಾದ ಜೊತೆ ತಿಂಡಿಯಿಲ್ಲದಿದ್ದರೆ ಸಂಜೆಯೇ ಆಗುವುದಿಲ್ಲ, ಆ ತಿಂಡಿ ಗೋಳಿಬಜೆಯಾಗಲಿ ಬನ್ಸಾಗಲಿ ಬಿಸ್ಕತ್ತಾಗಲಿ ಹೆಚ್ಚಿನ ಪಾಲು ಮೈದಾವೇ. ಮನಸ್ಸಿನ ಬಲದಿಂದ ಇದನ್ನು ಗೆಲ್ಲಲು ಹೊರಟವರು ಮೂರನೆಯ ದಿನಕ್ಕೆ ಸೋಲುವುದನ್ನು ನೋಡಿದ್ದೇನೆ. ಏಕೆಂದರೆ ಸಂಜೆಯ ಹಸಿವಿಗೆ ಕಾರಣ ಮಧ್ಯಾಹ್ನದ ಊಟ. ಬರೀ ಅನ್ನ, ತಿಳಿಸಾರು ಉಂಡವರಿಗೆ ನಾಲ್ಕು ಗಂಟೆಗೆ ಹಸಿವಾಗಲೇಬೇಕು. ಹಾಗಾಗಿ ತಿದ್ದುಪಡಿ ಮಧ್ಯಾಹ್ನವೇ ಆರಂಭವಾಗಲಿ: ಹುರುಳಿ, ಹೆಸರು, ಅಲಸಂಡೆ ಕಾಳು, ಮೊಟ್ಟೆ ಅಥವಾ ಮೀನು ಇವುಗಳಲ್ಲಿ ಒಂದು ತಟ್ಟೆಯಲ್ಲಿ ಇರಲೇಬೇಕು. ಸಂಜೆಗೆ ಕಡಲೆ ಉಸ್ಲಿ, ಬೇಯಿಸಿದ ನೆಲಕಡಲೆ, ಸುಟ್ಟ ಹಲಸಿನ ಬೀಜ, ಪೇರಳೆ ಹಣ್ಣು. ಇವು ಬೆಳಿಗ್ಗೆಯೇ ಸಿದ್ಧವಾಗಿರಬೇಕು. ಹಸಿದವರು ಕಡಲೆ ನೆನೆಯುವುದನ್ನು ಕಾಯುವುದಿಲ್ಲ.

‘ಮಲ್ಟಿಗ್ರೇನ್’, ‘ಡೈಜೆಸ್ಟಿವ್’ ಎಂದು ಬರೆದ ಬಿಸ್ಕತ್ತುಗಳನ್ನು ನಂಬಬೇಡಿ. ಪೊಟ್ಟಣದ ಹಿಂಭಾಗದಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರು ‘ರಿಫೈನ್ಡ್ ವೀಟ್ ಫ್ಲೋರ್’ ಎಂದಿದ್ದರೆ ಅದು ಮೈದಾ ಬಿಸ್ಕತ್ತು, ಮುಂಭಾಗದಲ್ಲಿ ಗೋಧಿ ತೆನೆಯ ಚಿತ್ರ ಇದ್ದರೂ ಸರಿಯೇ. ಬಾಟಲಿಯ ಪುನರ್ಪುಳಿ (ಕೋಕಂ) ಶರಬತ್ತೂ ಹೀಗೆಯೇ. ಕೆಡದಂತೆ ಇಡಲು ಅದರಲ್ಲಿ ಸಕ್ಕರೆಯ ಪಾಕ ತುಂಬಾ ಇರುತ್ತದೆ. ಒಣಗಿಸಿದ ಪುನರ್ಪುಳಿ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಉಪ್ಪು, ಜೀರಿಗೆ ಹಾಕಿ ಕುಡಿಯುವುದು ನನ್ನ ಆಯ್ಕೆ.

ರಸಗಳ ವಿಷಯದಲ್ಲಿ ನಾನು ಕಠಿಣಳು. ಹಣ್ಣನ್ನು ಹಿಂಡಿದೊಡನೆ ನಾರು ಬುಟ್ಟಿಗೆ ಹೋಗುತ್ತದೆ, ಮೂರು ಮುಸುಂಬಿಯ ಸಕ್ಕರೆ ಒಂದೇ ನಿಮಿಷದಲ್ಲಿ ಹೊಟ್ಟೆ ಸೇರುತ್ತದೆ. ಇಡೀ ಹಣ್ಣು ತಿನ್ನುವವರು ಒಂದಕ್ಕೇ ನಿಲ್ಲಿಸುತ್ತಾರೆ. ಇದಕ್ಕಿಂತ ಅಪಾಯಕರವಾದದ್ದು ರಕ್ತಶುದ್ಧಿ, ಕೊಲೆಸ್ಟರಾಲ್ ಎಂದು ಬಿಂಬುಳಿ ಎಂಬ ಹುಳಿ ಕಾಯಿಯ ಹಸಿ ರಸವನ್ನು ಕುಡಿಯುವುದು. ಅದರಲ್ಲಿ, ಮೂತ್ರಪಿಂಡದಲ್ಲಿ ಹರಳುಗಟ್ಟಬಲ್ಲ ಆಕ್ಸಲೇಟ್ ಬಹಳ. ನೆರೆಯ ಕೇರಳದಲ್ಲಿ ಹೀಗೆ ಕುಡಿದವರ ಮೂತ್ರಪಿಂಡ ಹಠಾತ್ತನೆ ಕೈಕೊಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿವೆ. ಮೀನಿನ ಪದಾರ್ಥಕ್ಕೆ ನಾಲ್ಕು ಬಿಂಬುಳಿ ಹಾಕುವುದಕ್ಕೂ ಲೋಟ ತುಂಬಾ ರಸ ಕುಡಿಯುವುದಕ್ಕೂ ಬಹಳ ಅಂತರವಿದೆ.

ನಾಲ್ಕನೆಯ ಹಂತ ಅಕ್ಕಿ. ಬೆಳ್ತಿಗೆಯ (ಬಿಳಿ ಅಕ್ಕಿಯ) ಬದಲು ಕುಚ್ಚಲಕ್ಕಿ, ಅದರಲ್ಲಿಯೂ ತವುಡು ಉಳಿದ ಕೆಂಪು ಕಜೆ ಅಕ್ಕಿ ಬಳಸಿ. ಭತ್ತವನ್ನು ನೆನೆಸಿ ಬೇಯಿಸುವಾಗ ತವುಡಿನಲ್ಲಿರುವ ಬಿ ಗುಂಪಿನ ವಿಟಮಿನ್‌ಗಳು ಕಾಳಿನೊಳಕ್ಕೆ ಇಳಿಯುತ್ತವೆ. ಅವುಗಳ ಕೊರತೆ ಮೊದಲು ಕಾಣುವ ಜಾಗಗಳಲ್ಲಿ ಚರ್ಮ ಮತ್ತು ತುಟಿಯಂಚು ಸೇರಿವೆ. ಆದರೆ ಹೇರಳ ನೀರಿನಲ್ಲಿ ಬೇಯಿಸಿ ತಿಳಿಯನ್ನು ಬಸಿದು ಚೆಲ್ಲಿದರೆ ಆ ವಿಟಮಿನ್‌ಗಳ ಒಂದು ಪಾಲು ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಬಸಿದ ತಿಳಿಯನ್ನು ಉಪ್ಪು ಹಾಕಿ ಕುಡಿಯಿರಿ ಅಥವಾ ಒಂದು ಹೊತ್ತು ಗಂಜಿಯನ್ನೇ ಉಣ್ಣಿ. ಅಕ್ಕಿಯನ್ನು ರಾತ್ರಿ ನೆನೆಸಿಟ್ಟರೆ ಬೇಗ ಬೇಯುತ್ತದೆ. ಕಾಳು ಒಡೆದು ಮುದ್ದೆಯಾಗುವವರೆಗೆ ಬೇಯಿಸಬೇಡಿ, ಅಗಿದು ತಿನ್ನುವಷ್ಟು ಬಿಗಿ ಉಳಿದರೆ ಗ್ಲೂಕೋಸ್ ನಿಧಾನವಾಗಿ ಏರುತ್ತದೆ. ಕುಚ್ಚಲಕ್ಕಿಯೆಂದು ಎರಡರಷ್ಟು ಉಂಡರೆ ಲಾಭವಿಲ್ಲ.

ಐದನೆಯದು ಸೊಪ್ಪು, ಹಣ್ಣು ಮತ್ತು ಮೀನು. ಬಸಳೆ, ಹರಿವೆ, ನುಗ್ಗೆ ಸೊಪ್ಪುಗಳಲ್ಲಿರುವ ಕ್ಯಾರೊಟಿನ್ ದೇಹದಲ್ಲಿ ವಿಟಮಿನ್ ‘ಎ’ ಆಗುತ್ತದೆ. ಕ್ಯಾರೊಟಿನ್ ಅನ್ನು ದೇಹ ಹೀರಿಕೊಳ್ಳಲು ಸ್ವಲ್ಪ ಕೊಬ್ಬು ಬೇಕು. ಅಕ್ಕನ ಮಗ ಪಕ್ಕಕ್ಕೆ ಸರಿಸಿದ ಕಾಯಿ ಮಾಡುತ್ತಿದ್ದ ಕೆಲಸವೇ ಅದು. ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ತಯಾರಾಗಲು ವಿಟಮಿನ್ ‘ಸಿ’ ಬೇಕೇ ಬೇಕು. ನಮ್ಮ ದೇಶದ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು. ನೂರು ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇರುವಾಗ ದುಬಾರಿ ಕೊಲಾಜನ್ ಪುಡಿಗೆ ಹಣ ಸುರಿಯುವುದನ್ನು ನಾನು ಒಪ್ಪಲಾರೆ. ಬಿ ಗುಂಪಿನ ವಿಟಮಿನ್ ಆದ ಬಯೋಟಿನ್‌ನ ಮಾತ್ರೆಯನ್ನೂ ವೈದ್ಯರು ಹೇಳದೆ ನುಂಗಬೇಡಿ. ಅದು ಥೈರಾಯ್ಡ್ ಮತ್ತು ಹೃದಯಾಘಾತದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಿಸಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲಿಯೇ ಎಚ್ಚರಿಸಿದೆ. ಊಟದ ಹಿಂದೆಯೇ ಚಹಾ ಕುಡಿದರೆ ಸೊಪ್ಪು–ಕಾಳುಗಳ ಕಬ್ಬಿಣ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ, ಒಂದು ಗಂಟೆ ತಡೆಯಿರಿ.

ಮೀನಿನಲ್ಲಿ ಅಂಜಲ್‌ಗೆ ದುಡ್ಡು ಹಾಕುವ ಅಗತ್ಯವಿಲ್ಲ. ಮಲ್ಪೆಯಲ್ಲಿ ಅಗ್ಗವಾಗಿ ಸಿಗುವ ಬೂತಾಯಿ, ಬಂಗುಡೆಗಳಲ್ಲಿಯೇ ಉರಿಯೂತವನ್ನು ತಗ್ಗಿಸುವ ಒಮೆಗಾ-3 ಕೊಬ್ಬು ಧಾರಾಳವಾಗಿದೆ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಕ್ಕಿಂತ ಪುಳಿಮುಂಚಿಯೇ ಲೇಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವಾಗಲೂ, ಮೀನು ತಿನ್ನದವರ ಮನೆಯಲ್ಲಿಯೂ, ಹುರಿದು ಪುಡಿ ಮಾಡಿದ ಅಗಸೆಬೀಜದ ಚಟ್ನಿಪುಡಿ ಇರಲಿ. ಅದರಲ್ಲಿರುವುದು ಬೇರೆ ಬಗೆಯ ಒಮೆಗಾ-3, ದೇಹ ಅದರ ಸ್ವಲ್ಪ ಭಾಗವನ್ನಷ್ಟೇ ಮೀನಿನ ಬಗೆಗೆ ಬದಲಿಸಿಕೊಳ್ಳುತ್ತದೆ.

ಇಷ್ಟನ್ನೂ ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಬೇಕು. ಹೊರಚರ್ಮ ಹೊಸದಾಗಲು ಎಳೆಯರಲ್ಲಿಯೇ ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಹಾಲು ಬಿಟ್ಟು ನೋಡುವ ಪರೀಕ್ಷೆಯನ್ನು ಈ ಅವಧಿ ಮುಗಿದ ಮೇಲೆಯೇ ಮಾಡಿ. ಹಾಲಿಗೂ, ಅದರಲ್ಲಿಯೂ ಕೆನೆ ತೆಗೆದ ಹಾಲಿಗೂ ಮೊಡವೆಗೂ ನಂಟಿರುವುದನ್ನು ಹಲವು ಸಮೀಕ್ಷೆಗಳು ಗುರುತಿಸಿವೆ. ಜಿಮ್‌ಗೆ ಹೋಗುವ ಹುಡುಗರು ಕುಡಿಯುವ, ಹಾಲಿನಿಂದಲೇ ತೆಗೆದ ವೇ ಪ್ರೋಟೀನ್ ಪುಡಿಯಿಂದ ಮೊಡವೆ ಉಕ್ಕಿದ ಪ್ರಕರಣಗಳೂ ಇವೆ, ಅದನ್ನಂತೂ ಮೊದಲ ದಿನವೇ ನಿಲ್ಲಿಸಿ. ಹಾಲನ್ನು ಆರು ವಾರ ಬಿಟ್ಟು, ಮತ್ತೆ ಆರಂಭಿಸಿ, ಫೋಟೊಗಳನ್ನು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಹಾಲು ಕುಡಿಯಬಹುದು. ಮಕ್ಕಳ ಊಟದಿಂದ ಮಾತ್ರ ವೈದ್ಯರನ್ನು ಕೇಳದೆ ಹಾಲು, ಮೊಟ್ಟೆಗಳನ್ನು ತೆಗೆಯಬೇಡಿ.

ಗಂಟಿನಂತಹ ನೋವಿನ ಮೊಡವೆ, ಕಲೆ ಉಳಿಸುವ ಮೊಡವೆ, ಮುಟ್ಟಿನ ಏರುಪೇರಿನ ಜೊತೆ ಬಂದ ಮೊಡವೆ ಇದ್ದರೆ ಹನ್ನೆರಡು ವಾರ ಕಾಯದೆ ಚರ್ಮವೈದ್ಯರಲ್ಲಿಗೆ ಹೋಗಿ. ಹೋಗುವಾಗ ಊಟದ ಪುಸ್ತಕವನ್ನೂ, ಈವರೆಗೆ ಹಚ್ಚಿದ ಎಲ್ಲ ಕ್ರೀಮುಗಳ ಟ್ಯೂಬುಗಳನ್ನೂ, ಖಾಲಿಯಾದದ್ದನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ಮುಖ ಬೆಳ್ಳಗಾಗಲೆಂದು ಅಂಗಡಿಯಿಂದ ತಂದ ಕ್ರೀಮಿನಲ್ಲಿ ಸ್ಟೀರಾಯ್ಡ್ ಇದ್ದರೆ, ಅದೇ ಮೊಡವೆಯನ್ನು ಏಳಿಸುತ್ತಿರಬಹುದು. ಅದನ್ನು ಒಮ್ಮೆಲೇ ನಿಲ್ಲಿಸಿದರೂ ಮುಖ ಕೆಂಪಾಗಿ ಉರಿಯುತ್ತದೆ; ಹೇಗೆ ನಿಲ್ಲಿಸಬೇಕೆಂದು ಟ್ಯೂಬಿನ ಹೆಸರು ನೋಡಿ ವೈದ್ಯರೇ ಹೇಳಬೇಕು.