ಕ್ಲಿಕ್ ಕಿತ್ತು ಹಾಕಿ, ತಕಿಟ ತಕಧಿಮಿ ಇಟ್ಟು ಆಲ್ಬಮ್ ಮುಗಿಸಿದೆವು

ನಮ್ಮ ಪ್ರಾಗ್ ರಾಕ್ (ತಿರುಚು ತಾಳ, ಉದ್ದ ಹಾಡುಗಳ ರಾಕ್) ಬ್ಯಾಂಡಿನ ಹೊಸ ಆಲ್ಬಮ್ ಕೊನೆಗೂ ಮುಗಿಯಿತು. ಆರು ಹಾಡು, ಹತ್ತಿರ ಹತ್ತಿರ ಐವತ್ತು ನಿಮಿಷ. ಪೂರ್ತಿ ಕನ್ನಡ, ಅದರಲ್ಲಿ ನಾಲ್ಕು ಹಾಡು ಭಾಮಿನಿ ಷಟ್ಪದಿಯಲ್ಲಿವೆ. ಆ ನಾಲ್ಕರ ಡ್ರಮ್ಸ್ ಕ್ಲಿಕ್ (ತಾಳ ತಪ್ಪದಿರಲು ಕಿವಿಯಲ್ಲಿ ಟಿಕ್ ಟಿಕ್ ಅನ್ನುವ ಮಷೀನ್ ಸದ್ದು) ಇಲ್ಲದೆ ರೆಕಾರ್ಡ್ ಆಗಿದೆ. "ಪ್ರಾಗ್ ರಾಕ್‌ಗೆ ಕ್ಲಿಕ್ ಇಲ್ವಾ? ಎಡಿಟ್ ಮಾಡೋಕೇ ಆಗಲ್ಲ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ" ಅಂದವರು ಬೆಂಗಳೂರಲ್ಲಿ ಕಡಿಮೆ ಏನಿಲ್ಲ. ಇದು ಅವರಿಗೋಸ್ಕರ.

ಭಾಮಿನಿಯಲ್ಲಿ ಮಾತ್ರೆಗಳು 3+4 ಆಗಿ ಬರುತ್ತವೆ, ನಮ್ಮ 7/8 (ಒಂದು ಬಾರ್, ಅಂದರೆ ತಾಳದ ಒಂದು ಸುತ್ತಿಗೆ ಏಳು ಎಣಿಕೆ) ಅಲ್ಲೇ ತಯಾರಾಗಿ ಕೂತಿದೆ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನೇ ಇದರಲ್ಲಿ ಓಡಿಸಿದ್ದಾನೆ, ನಾವು ಎಂಟು ನಿಮಿಷ ಓಡಿಸಲಾರೆವಾ? ನಮ್ಮ ಒಂದು ಸಾಲು ಹೀಗಿದೆ: "ಮಳೆಯ ನೀರಿಗೆ ರಸ್ತೆ ಮುಳುಗಿತು". ಎಣಿಸಿ ನೋಡಿ, ಸರಿಯಾಗಿ ಎರಡು ಬಾರ್.

ತಕರಾರು ಶುರುವಾಗುವುದು ಮೂರನೇ ಸಾಲಿನಲ್ಲಿ. ಮೂರು ಬಾರ್ ಆದ ಮೇಲೂ ಒಂದು ಗುರು (ಎರಡು ಮಾತ್ರೆ) ಉಳಿಯುತ್ತದೆ. ಅರ್ಧ ಪದ್ಯಕ್ಕೆ 51 ಮಾತ್ರೆ, ಅಂದರೆ ಏಳು ಬಾರ್, ಮೇಲೆ ಎರಡು. ಹಾಡುವವರಿಗೆ ಅದು ಸಮಸ್ಯೆಯೇ ಅಲ್ಲ, ಗುರುವನ್ನು ಎಳೆದು ಸರಿದೂಗಿಸುತ್ತಾರೆ. ನಾವು ಎಳೆಯಲಿಲ್ಲ. ಅಲ್ಲಿ ಎರಡೇ ಎಣಿಕೆಯ ಒಂದು 2/8 ಬಾರ್ ಹಾಕಿ ಸೀದಾ ಗಿಟಾರಿನ ಮರುಕಳಿಸುವ ತುಣುಕಿಗೆ, ಅಂದರೆ ರಿಫ್‌ಗೆ ಹಾರಿದೆವು. ತಾಳ ಹಾಕುತ್ತಾ ಕೇಳುವವರು ಅಲ್ಲಿ ಎಡವಬೇಕು, ಅದೇ ಮಜಾ. ಆದರೆ ಮೊದಲು ಎಡವಿದ್ದು ನಮ್ಮ ಡ್ರಮ್ಮರ್!

ಕ್ಲಿಕ್ ಹಾಕಿಯೇ ಶುರು ಮಾಡಿದ್ದೆವು. ಕ್ವಾರ್ಟರ್ ನೋಟಿಗೆ (ಎರಡು ಎಣಿಕೆಗೊಂದು ಟಿಕ್) ಇಟ್ಟರೆ ಅದು ಒಂದು ಬಾರಿನಲ್ಲಿ ಒಂದರ ಮೇಲೆ ಬೀಳುತ್ತದೆ, ಮುಂದಿನದರಲ್ಲಿ ಸಂದಿಯಲ್ಲಿ. ಎಂಟನೇ ನೋಟಿಗೆ (ಪ್ರತಿ ಎಣಿಕೆಗೂ ಒಂದು) ಇಟ್ಟರೆ ನಿಮಿಷಕ್ಕೆ ಇನ್ನೂರು ಚಿಲ್ಲರೆ ಟಿಕ್, ತಲೆ ಚಿಟ್ಟು ಹಿಡಿಯುತ್ತದೆ. ಬಾರಿನ ಮೊದಲ ಪೆಟ್ಟಿಗೆ ಮಾತ್ರ ಇಟ್ಟಾಗ 2/8 ಬಂದ ಕೂಡಲೇ ಎಲ್ಲರೂ ದಿಕ್ಕಾಪಾಲು. ಸ್ಟುಡಿಯೋ ಗಂಟೆಗೆ ಸಾವಿರದ ಮೇಲೆ. ಎರಡು ಹಾಡಿಗೆ ನಲವತ್ತು ಸಾವಿರದಷ್ಟು ಸುರಿದೆವು. ಸಿಕ್ಕಿದ ಟೇಕ್‌ಗಳನ್ನು ಅಲ್ಲಿಯ ಎಂಜಿನಿಯರ್ ಗ್ರಿಡ್‌ಗೆ (ಸ್ಕ್ರೀನಿನ ಮೇಲಿನ ಸಮ ಅಂತರದ ತಾಳದ ಗೆರೆಗಳಿಗೆ) ಎಳೆದು ಕೂರಿಸಿದರು. ಎಲ್ಲ ಸರಿಯಾಗಿತ್ತು, ಹಾಡು ಮಾತ್ರ ಸತ್ತಿತ್ತು. ಒಂದು ಸೆಕೆಂಡನ್ನೂ ಬಳಸಲಿಲ್ಲ.

ಆಮೇಲೆ ಮೃದಂಗ ನುಡಿಸುವ ಗೆಳೆಯನನ್ನು ಮನೆಗೆ ಕರೆದೆ. "ಇದು ಮಿಶ್ರ ಛಾಪು ಅಲ್ವಾ, ಇದಕ್ಕೆ ಮಷೀನ್ ಯಾಕೆ?" ಅಂದ. ಅದು ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ. ಎದುರಿಗೆ ಒಂದು ಮೈಕ್ ಇಟ್ಟೆ. ಹಾಡಿನ ಉದ್ದಕ್ಕೂ ಬಾಯಲ್ಲೇ ತಕಿಟ ತಕಧಿಮಿ ಹೇಳಿದ. 2/8 ಬಂದಲ್ಲಿ ಬರೀ "ತಕ". ಅದೇ ನಮ್ಮ ಗೈಡ್ ಟ್ರ್ಯಾಕ್, ಕ್ಲಿಕ್ ಬದಲು ಡ್ರಮ್ಮರ್ ಕಿವಿಗೆ ಹಾಕಿದ್ದು ಅದನ್ನೇ. ಕ್ಲಿಕ್ ಬರೀ ಟಿಕ್ ಅನ್ನುತ್ತದೆ. ಕೊನ್ನಕ್ಕೋಲ್ (ಹೀಗೆ ಬಾಯಲ್ಲಿ ಹೇಳುವ ತಾಳದ ಸೊಲ್ಲು) ಆದರೆ ನೀವು ಬಾರಿನ ಯಾವ ಜಾಗದಲ್ಲಿದ್ದೀರಿ ಅಂತ ಹೇಳುತ್ತದೆ. ಡ್ರಮ್ಮರ್ ಎಣಿಸುವುದನ್ನೇ ಬಿಟ್ಟ. ಸ್ಟುಡಿಯೋದಲ್ಲಿ ಎರಡು ದಿನ ತೆಗೆದುಕೊಂಡೆವು, ನಾಲ್ಕೂ ಹಾಡಿನ ಡ್ರಮ್ಸ್ ಮುಗಿಯಿತು.

ಹಾಡಿನ ಟೆಂಪೋ, ಅಂದರೆ ವೇಗ, ಓಡಾಡುವುದಿಲ್ಲವಾ? ಓಡಾಡುತ್ತದೆ, ಎರಡು ಮೂರು ಬಿಪಿಎಂ (ನಿಮಿಷಕ್ಕೆ ಬೀಳುವ ಪೆಟ್ಟುಗಳ ಲೆಕ್ಕ). ಗುರುವಿನ ಹತ್ತಿರ ಸ್ವಲ್ಪ ಎಳೆಯುತ್ತದೆ, ರಿಫ್‌ನಲ್ಲಿ ಮುನ್ನುಗ್ಗುತ್ತದೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬಾರಿನ ಮೊದಲ ಪೆಟ್ಟಿಗೆ ಮಾರ್ಕರ್ ಹಾಕಿ ಟೆಂಪೋ ಮ್ಯಾಪ್ ಮಾಡಿದೆ. ಬೇಸರದ ಕೆಲಸ, ಒಂದು ಹಾಡಿಗೆ ಒಂದು ಸಂಜೆ ಹೋಗುತ್ತದೆ. ಆದರೆ ಆಮೇಲೆ ಡಿಲೇ, ಸಿಂತ್, ಎಡಿಟ್ ಎಲ್ಲ ಗ್ರಿಡ್ ಮೇಲೇ ಕೂರುತ್ತವೆ. ಹಾಡು ಗ್ರಿಡ್‌ಗೆ ಬಗ್ಗಲಿಲ್ಲ, ಗ್ರಿಡ್ ಹಾಡಿಗೆ ಬಗ್ಗಿತು. 

ತೊಂದರೆ ಇಲ್ಲ ಅಂತಲ್ಲ. ಹೆಡ್‌ಫೋನಿನಿಂದ ಕೊನ್ನಕ್ಕೋಲ್ ಸೋರಿ ಡ್ರಮ್ಸ್ ಮೇಲೆ ನಿಲ್ಲಿಸಿದ ಓವರ್‌ಹೆಡ್ ಮೈಕ್‌ಗೆ ಹೋಗುತ್ತದೆ. ಸಿಂಬಲ್ ಆರುವಾಗ ಹಿಂದೆ ಯಾರೋ ಪಿಸುಪಿಸು ಧಿಮಿ ಧಿಮಿ ಅಂದ ಹಾಗೆ ಕೇಳುತ್ತದೆ. ಇಯರ್‌ಫೋನ್ ಹಾಕಿಸಿ, ಅದರ ಮೇಲೆ ಕಾರ್ಖಾನೆಯವರು ಹಾಕುವ ಇಯರ್‌ಮಫ್ ಕೂರಿಸಿದೆವು, ಬಹಳ ಮಟ್ಟಿಗೆ ನಿಂತಿತು. ಮೂರನೇ ಹಾಡಿನ ಕೊನೆಯಲ್ಲಿ ಬೇಕಂತಲೇ ಹಾಗೇ ಬಿಟ್ಟಿದ್ದೇವೆ. ಹೊಸ ಪ್ಲಗಿನ್ನಾ (ಎಫೆಕ್ಟ್ ಕೊಡುವ ಸಾಫ್ಟ್‌ವೇರಾ) ಅಂತ ಕೆಲವರು ಕೇಳಿದರು.

ಲೆಕ್ಕ ಹೇಳುವುದಾದರೆ, ಎರಡನೇ ಸಲ ಎಲ್ಲ ಹಾಡಿನ ಡ್ರಮ್ಸ್ ಸೇರಿ ಐವತ್ತು ಸಾವಿರದ ಆಸುಪಾಸು. ಗಿಟಾರ್, ಬೇಸ್ ಮನೆಯಲ್ಲೇ ಡಿಐ (ಮೈಕ್ ಇಲ್ಲದೆ ನೇರ ಕೇಬಲ್‌ನಲ್ಲಿ). ಕುಕ್ಕರ್ ವಿಷಲ್ ಭಯಕ್ಕೆ ವೋಕಲ್ಸ್ ರಾತ್ರಿ ಹನ್ನೊಂದರ ಮೇಲೆ. ಮಾಸ್ಟರಿಂಗ್ ಹಾಡಿಗೆ ನಾಲ್ಕು ಸಾವಿರ. ಮೊದಲು ಕಳೆದದ್ದೂ ಸೇರಿ ಒಂದೂವರೆ ಲಕ್ಷ ದಾಟಿಲ್ಲ. ಕವರ್ ಚಿತ್ರ ಬರೆದವರಿಗೆ ಇನ್ನೂ ಅರ್ಧ ದುಡ್ಡು ಬಾಕಿ.

ನಡುವೆ ವಾರ್ಧಕ ಷಟ್ಪದಿಗೂ ಕೈ ಹಾಕಿದ್ದೆವು. ಅದು ಐದೈದು ಮಾತ್ರೆ, 5/8 ಸಲೀಸು ಅಂದುಕೊಂಡೆವು. ಕೂತಿತು ಕೂಡ. ಆದರೆ ಗಿಟಾರಿಗೆ ಡಿಸ್ಟಾರ್ಷನ್ (ದನಿ ಒರಟಾಗಿಸುವ ಎಫೆಕ್ಟ್) ಹಾಕಿದ ಕೂಡಲೇ ಮೆರವಣಿಗೆಯ ವಾಲಗದ ಥರ ಕೇಳಿಸಿತು. ಗಿಟಾರ್ ಪೂರ್ತಿ ತೆಗೆದು, ಬೇಸ್ ಮತ್ತು ಮೃದಂಗ ಎರಡೇ ಇಟ್ಟಾಗ ಚೆನ್ನಾಗಿತ್ತು. ಗಿಟಾರಿಸ್ಟ್ ಇನ್ನೂ ಒಪ್ಪಿಲ್ಲ.